ವಾದಿಯೂ ತಾನೇ, ಪ್ರತಿವಾದಿಯೂ ತಾನೇ

ಔಷಧವನ್ನು ಅವಲಂಬಿಸದೆ ಮಾತಿನಿಂದಲೇ ಮನೋವ್ಯಾಧಿಯನ್ನು ಶಮನಗೊಳಿಸುವ ಪದ್ಧತಿಗಳು ಅನೇಕವಿರುವುವು. ಅವುಗಳಲ್ಲಿ ತನ್ನ ಫಲವನ್ನು ಪರೀಕ್ಷೆಗೊಡ್ಡಿ ಪ್ರಸಿದ್ಧಿಗೆ ಬಂದುದು ಅಮೆರಿಕದ ಫಿಲಡೆಲ್ಫಿಯಾ ನಗರದ ವೈದ್ಯರಾಗಿದ್ದ ಆರನ್ ಬೆಕ್ (1921–2021) ಅವರ ಪದ್ಧತಿ. ಅದನ್ನು ಜನಸಾಮಾನ್ಯರ ಕೈಗಿತ್ತ ಗ್ರಂಥ ಡೇವಿಡ್ ಬರ್ನ್ಸ್ ಅವರ ‘ಫೀಲಿಂಗ್ ಗುಡ್’ (1980). ಖಿನ್ನತೆಯಿಂದ ಬಳಲುವವನು ತನಗೆ ತಾನೇ ಚಿಕಿತ್ಸಕನಾಗಬಲ್ಲನೇ ಎಂಬುದೇ ಈ ಗ್ರಂಥವನ್ನು ಓದುವಾಗ ಏಳುವ ಮುಖ್ಯ ಪ್ರಶ್ನೆ.

ಗ್ರಂಥದ ಸಿದ್ಧಾಂತವು ಸರಳವಾದುದು. ನಡೆದ ಸಂಗತಿಗಿಂತ ಅದರ ವಿಷಯವಾಗಿ ಮನಸ್ಸು ಮಾಡಿಕೊಳ್ಳುವ ನಿರ್ಣಯವೇ ಖಿನ್ನತೆಗೆ ಕಾರಣವೆಂದು ಗ್ರಂಥಕರ್ತರ ಮತ. ಆ ನಿರ್ಣಯಗಳಲ್ಲಿ ನುಸುಳುವ ದೋಷಗಳನ್ನು ಅವರು ಹತ್ತಾಗಿ ವಿಂಗಡಿಸಿರುವರು. ತರ್ಕಸಂಗ್ರಹದ ಐದು ಹೇತ್ವಾಭಾಸಗಳನ್ನು ಓದಿದವರಿಗೆ ಇದು ಅಪರಿಚಿತವಾದ ದಾರಿಯಲ್ಲ. ‘ಪರೀಕ್ಷೆಯಲ್ಲಿ ಅನುತ್ತೀರ್ಣನಾದೆ, ಆದುದರಿಂದ ನಾನು ಅಯೋಗ್ಯ’ ಎಂದು ವಿದ್ಯಾರ್ಥಿಯೊಬ್ಬನು ಅನುಮಾನಿಸಿದರೆ, ಯೋಗ್ಯರೂ ಒಮ್ಮೊಮ್ಮೆ ಅನುತ್ತೀರ್ಣರಾಗುವುದುಂಟಾದ ಕಾರಣ ಆ ಹೇತುವು ಸವ್ಯಭಿಚಾರ. ಅಯೋಗ್ಯತೆಯು ಅದರಿಂದ ಸಿದ್ಧಿಸದು. ಬರ್ನ್ಸರು ಓದುಗನಿಂದ ಕಾಗದದ ಮೇಲೆ ಮೂರು ಅಂಕಣಗಳನ್ನೆಳೆಸಿ, ತಾನಾಗಿ ಹೊಳೆದ ಆತ್ಮನಿಂದೆಯನ್ನೂ, ಅದರಲ್ಲಿರುವ ದೋಷವನ್ನೂ, ಯುಕ್ತವಾದ ಸಮಾಧಾನವನ್ನೂ ಕ್ರಮವಾಗಿ ಬರೆಯಿಸುವರು. ಬರಿಯ ಉಪದೇಶಕ್ಕೆ ತೃಪ್ತವಾಗದೆ ಓದುಗನ ಕೈಗೆ ಲೇಖನಿಯನ್ನು ಕೊಡುವುದೇ ಈ ಗ್ರಂಥದ ಹೆಗ್ಗಳಿಕೆ. ಸಹಜವಾದ ದುಃಖವು ಖಿನ್ನತೆಯಲ್ಲವೆಂದು ಪ್ರತ್ಯೇಕವಾದೊಂದು ಅಧ್ಯಾಯದಲ್ಲಿ ವಿವೇಚಿಸಿರುವುದೂ ಶ್ಲಾಘ್ಯವಾಗಿದೆ.

ಆದರೆ ಒಂದು ಕೊರತೆಯುಂಟು. ವಾದವು ನಡೆಯುವೆಡೆ ವಾದಿ ಪ್ರತಿವಾದಿಗಳಲ್ಲದೆ ಮಧ್ಯಸ್ಥನೊಬ್ಬನು ಬೇಕು. ಇಲ್ಲಿ ಮೂವರ ಪಾತ್ರವೂ ಒಬ್ಬನದೇ, ಅವನಾದರೋ ವ್ಯಾಧಿಗ್ರಸ್ತನು. ಖಿನ್ನತೆಯು ಉತ್ಸಾಹವನ್ನೇ ಅಪಹರಿಸುವ ವ್ಯಾಧಿ. ನೂರಾರು ಪುಟಗಳನ್ನೋದಿ ದಿನದಿನವೂ ಬರೆಯುವ ಶ್ರದ್ಧೆಯನ್ನು ಅಂತಹವನು ಎಲ್ಲಿಂದ ತರಬೇಕು?

ಈ ಗ್ರಂಥವನ್ನೇ ಚಿಕಿತ್ಸೆಯನ್ನಾಗಿ ಕೊಟ್ಟು ಜೇಮಿಸನ್ ಮತ್ತು ಸ್ಕೋಗಿನ್ ಎಂಬ ವಿದ್ವಾಂಸರು 80 ಮಂದಿ ಖಿನ್ನರಲ್ಲಿ ನಡೆಸಿದ ಪರೀಕ್ಷೆಯು 1995ರಲ್ಲಿ ಪ್ರಕಟವಾಯಿತು. ಗ್ರಂಥವನ್ನು ಮೊದಲೇ ಪಡೆದವರು, ಅದಕ್ಕಾಗಿ ಕಾದಿದ್ದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಗ್ರಂಥದ ಗುಣಕ್ಕೆ ಇದು ಪ್ರಮಾಣವೇ ಸರಿ. ಆದರೆ ಓದುತ್ತಿದ್ದವರನ್ನು ವಾರವಾರವೂ ದೂರವಾಣಿಯಲ್ಲಿ ಸ್ವಲ್ಪ ಹೊತ್ತು ವಿಚಾರಿಸಿಕೊಳ್ಳಲಾಗುತ್ತಿತ್ತೆಂಬುದನ್ನು ಮರೆಯಲಾಗದು. ಆ ವಿಚಾರಣೆಯು ಚಿಕಿತ್ಸೆಯಲ್ಲದಿದ್ದರೂ, ಮಧ್ಯಸ್ಥನ ಸ್ಥಾನವು ಅಲ್ಲಿ ತೀರ ಶೂನ್ಯವಾಗಿರಲಿಲ್ಲ. ಸ್ವಸಹಾಯವು ಮಾರ್ಗದರ್ಶಕನೊಬ್ಬನೊಡನೆ ನಡೆದಾಗ ಹೆಚ್ಚು ಫಲಿಸುವುದೆಂಬುದು ಇತರ ಪರೀಕ್ಷೆಗಳಿಂದಲೂ ಸಾಮಾನ್ಯವಾಗಿ ಕಂಡುಬಂದಿದೆ.

ಆದುದರಿಂದ ಗ್ರಂಥವು ಗ್ರಾಹ್ಯವೇ; ಒಂಟಿಯಾಗಿ ಮಾತ್ರ ಗ್ರಾಹ್ಯವಲ್ಲ. ಪ್ರಾಣತ್ಯಾಗದ ಯೋಚನೆಯುಳ್ಳವನನ್ನು ಪುಸ್ತಕವೊಂದರ ವಶಕ್ಕೆ ಬಿಡದೆ ಕೂಡಲೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ಉಳಿದವರಿಗೆ ಇದನ್ನು ಕೊಡುವ ಬಂಧುಮಿತ್ರರು, ಕೊಟ್ಟಲ್ಲಿಗೆ ತಮ್ಮ ಕರ್ತವ್ಯವು ಮುಗಿಯಿತೆಂದು ತಿಳಿಯದೆ, ಮುಂದಿನ ವಾರ ಹೋಗಿ ‘ಎಷ್ಟು ಬರೆದೆ?’ ಎಂದು ಕೇಳುವುದು ಯುಕ್ತ.