ಆಕಿ ಪಾಲಿನ ಹೊಲ

ಕಡಲೆ ಒಕ್ಕಣೆ ಮುಗಿದು ಮನೆಮಂದಿಯ ಕೈ ಒಂದಿಷ್ಟು ಖಾಲಿಯಾಗಿದ್ದ ದಿನಗಳಲ್ಲಿ ಯಮನೂರಿನ ಸೋದರತ್ತೆಯ ಮನೆಗೆ ಹೋಗಿದ್ದೆ. ಚೀಲದಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿದ್ದವು. ‘ದೊಡ್ಡ ಬಹುಮಾನ ಬಂದೈತಂತಲ್ಲ, ಏನೈತಿ ಅದರಾಗ? ಓದು, ಕೇಳೂಣು’ ಅಂದರು ಅತ್ತೆ. ಪಡಸಾಲೆಯಲ್ಲಿ ಕೂತು ‘ಎದೆಯ ಹಣತೆ’ ಓದಿದೆ. ಗಂಡ ಮತ್ತೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ಹಸುಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮನೆತನದ ಮರ್ಯಾದೆಯ ಮಾತಾಡಿ ಅವಳನ್ನು ಅದೇ ಗಂಡನ ಮನೆಗೆ ಮರಳಿ ಬಿಟ್ಟು ಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡಾಗ ಮಗಳು ಸಲ್ಮಾ ಬಂದು ತಡೆಯುತ್ತಾಳೆ.

ಓದಿ ಮುಗಿಸಿದಾಗ ಯಾರೂ ಬುರ್ಖಾದ ಮಾತೆತ್ತಲಿಲ್ಲ, ಧರ್ಮದ ಮಾತನ್ನೂ ಎತ್ತಲಿಲ್ಲ. ಪಕ್ಕದ ಮನೆಯ ಹಿರಿಯಾಕೆಯೊಬ್ಬರು ಕೇಳಿದರು: ‘ಅಲ್ರೀ, ಆಕಿ ಪಾಲಿನ ಹೊಲ ಎಷ್ಟಿತ್ತು?’ ನಾನು ತಡವರಿಸುತ್ತಿದ್ದಂತೆ ಅವರೇ ಮುಂದುವರಿಸಿದರು: ‘ಹೊಲ ಇದ್ದಿದ್ರ ಅಣ್ಣತಮ್ಮರು ಹೊಳ್ಳಿ ಕಳಸ್ತಿದ್ರ? ಇಲ್ಲಾ, ಹೊಲ ಇತ್ತಂತನ ಕಳಿಸಿದ್ರ?’

ಬಾನು ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಮೇ 20ರಂದು ಇಂಟರ್‌ನ್ಯಾಷನಲ್ ಬೂಕರ್ ಗೆದ್ದಿತು. ಆ ಬಹುಮಾನ ಕನ್ನಡಕ್ಕೆ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಸಿಕ್ಕಿದ್ದೂ ಅದೇ ಮೊದಲು. 1990ರಿಂದ 2023ರವರೆಗೆ ಬರೆದವುಗಳಲ್ಲಿ ಆಯ್ದ 12 ಕಥೆಗಳು. 50,000 ಪೌಂಡು ಲೇಖಕಿಗೂ ಅನುವಾದಕಿಗೂ ಅರ್ಧರ್ಧ. ಅಲ್ಲಿ ಪಾಲು ಸರಿಯಾಗಿಯೇ ಆಯಿತು ಅನ್ನಿ. ಆದರೆ ಇಂಗ್ಲಿಷ್ ಓದು ಈ ಪುಸ್ತಕವನ್ನು ಕೈಗೆತ್ತಿಕೊಂಡದ್ದು ಹೆಚ್ಚಾಗಿ ಒಂದೇ ಹಿಡಿಕೆಯಿಂದ: ದಕ್ಷಿಣ ಭಾರತದ ಮುಸ್ಲಿಂ ಹೆಂಗಸರ ಬದುಕು. ಹಿಡಿಕೆ ಸುಳ್ಳಲ್ಲ. ಹಿಡಿದವರಿಗೆ ಪಾತ್ರೆಯೊಳಗೇನಿದೆ ಎಂದು ನೋಡುವ ಅಗತ್ಯವೇ ಬೀಳಲಿಲ್ಲ ಎಂಬುದು ನನ್ನ ತಕರಾರು. ಮೂರು ದಶಕದ ಕಥೆಗಳು ಒಂದೇ ಹೊದಿಕೆಯೊಳಗೆ ಬಂದಾಗ, ಒಂದೇ ಓಣಿಯಲ್ಲಿ ಒಂದೇ ದಿನ ನಡೆದ ದೌರ್ಜನ್ಯದಂತೆ ಕಾಣುವ ಅಪಾಯ ಬೇರೆ.

ಮುಂಬೈಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಪಾಠ ಹೇಳಿದ ಚಂದ್ರಾ ತಲ್ಪಡೆ ಮೊಹಾಂತಿ ಈ ಕಾಯಿಲೆಯನ್ನು 1980ರ ದಶಕದ ಪ್ರಬಂಧವೊಂದರಲ್ಲೇ ಗುರುತಿಸಿದ್ದರು. ನಮ್ಮಂಥ ದೇಶಗಳ ಹೆಂಗಸರನ್ನೆಲ್ಲ ಪಾಶ್ಚಾತ್ಯ ಸ್ತ್ರೀವಾದ ಒಂದೇ ಮುದ್ದೆ ಮಾಡುತ್ತದೆ: ಬಡವಿ, ಓದಿಲ್ಲದವಳು, ಸಂಪ್ರದಾಯಕ್ಕೆ ಕಟ್ಟುಬಿದ್ದವಳು, ಸದಾ ಸಂತ್ರಸ್ತೆ. ಈ ಮುದ್ದೆಯ ಎದುರು ನಿಂತಾಗ ಬರೆಯುವಾಕೆ ತಾನು ಎಷ್ಟು ಸ್ವತಂತ್ರಳು ಎಂದುಕೊಳ್ಳಬಹುದು. ಅದೇ ಪ್ರಬಂಧದಲ್ಲಿ ಮೊಹಾಂತಿ ಜರ್ಮನಿಯ ಮರಿಯಾ ಮೀಸ್ ಅವರನ್ನು ಮೆಚ್ಚಿಕೊಳ್ಳುತ್ತಾರೆ ಎಂಬುದನ್ನು ನಮ್ಮವರು ಹೇಳುವುದು ಕಡಿಮೆ. ಆಂಧ್ರದ ನರಸಾಪುರದಲ್ಲಿ ಲೇಸು ಹೆಣೆಯುವ ಹೆಂಗಸರ ಬಗ್ಗೆ ಮೀಸ್ 1982ರಲ್ಲಿ ಪುಸ್ತಕ ಬರೆದರು. ಜಗತ್ತಿನ ಮಾರುಕಟ್ಟೆಗೆ ದುಡಿಯುತ್ತಿದ್ದ ಆ ಹೆಂಗಸರನ್ನು ‘ಮನೆಯಲ್ಲೇ ಇರುವ ಗೃಹಿಣಿ’ ಎಂದು ಕರೆದು ಕೂಲಿ ಇಳಿಸುವ ಹಂಚಿಕೆಯನ್ನು ಅವರು ಬಿಡಿಸಿ ತೋರಿಸಿದರು. ತಕರಾರು ಚರ್ಮದ ಬಣ್ಣದ್ದಲ್ಲ, ಊರಿಗೆ ಬಂದು ಲೆಕ್ಕ ಕೇಳುತ್ತಾರೋ ಇಲ್ಲವೋ ಎಂಬುದರದ್ದು.

ನಮ್ಮ ನರಸಾಪುರ ನವಲಗುಂದ. ಅಲ್ಲಿನ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಪಗಡೆ ಹಾಸು, ನವಿಲು ಎಲ್ಲವೂ ಮುಸ್ಲಿಂ ಹೆಂಗಸರ ಕೈಯಲ್ಲಿ ಮೂಡುವಂಥವು. ಈ ಕಸುಬನ್ನು ಹಿಂದೆ ಮಗಳಿಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು ಎನ್ನುತ್ತಾರೆ. ಮಗಳು ಕೊಟ್ಟ ಮನೆಗೆ ಗುಟ್ಟನ್ನು ಒಯ್ದುಬಿಟ್ಟರೆ? ಹೊಲದ ಮಾತೂ ಹೀಗೇ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿ ಬಂತು, ದೇಶಕ್ಕೆಲ್ಲ 2005ರಲ್ಲಿ. ಶರೀಅತ್ತೂ ಮಗಳ ಪಾಲು ಹೇಳುತ್ತದೆ. ನಡೆಯುವುದು ಮಾತ್ರ ಅರಿಶಿನ ಕುಂಕುಮ, ಒಂದು ಸೀರೆ, ಆಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ಹಿರಿಯಾಕೆಯ ಪ್ರಶ್ನೆ ಬಂದದ್ದು ಈ ನೆಲದಿಂದ. ಮೆಹರುನ್‌ಳ ಕಥೆಯಲ್ಲಿ ಮುಚ್ಚಿಕೊಳ್ಳುವುದು ಮಸೀದಿಯ ಬಾಗಿಲಲ್ಲ, ತವರಿನ ಬಾಗಿಲು.

ತವರು ಎಂದಾಗ ನಮ್ಮ ಸೀಮೆಯ ಕಿವಿಗೆ ಕೇಳಿಸುವುದೇ ಬೇರೆ. ಬೀಸುಕಲ್ಲಿನ ಪದಗಳಲ್ಲಿ ತವರೆಂದರೆ ತಣ್ಣೀರು, ತಂಪು, ಅಣ್ಣ ಕಳಿಸುವ ಸೀರೆ. ಹಾಡುವಾಕೆ ಅಲ್ಲಿಗೆ ಹೋಗಲಾಗದೆಯೇ ಹಾಡುತ್ತಾಳೆ. ಹೋಗಿದ್ದರೆ ಏನಾಗುತ್ತಿತ್ತು ಎಂದು ಹಾಡು ಕೇಳುವುದಿಲ್ಲ. ಬಾನು ಕೇಳಿದರು. ಆ ಹಾಡುಗಳ ಪಕ್ಕದಲ್ಲಿಟ್ಟು ಓದಿದಾಗಲೇ ‘ಎದೆಯ ಹಣತೆ’ಯ ಕ್ರೌರ್ಯ ಪೂರ್ತಿ ಕಾಣುವುದು. ಲಂಡನ್ನಿನ ತೀರ್ಪುಗಾರರಿಗೆ ಇದು ಹೊಳೆಯಬೇಕೆಂದರೆ ಅನ್ಯಾಯ. ಆದರೆ ನಾವು ಓದಿದ್ದೆವೇ? ಹಲಸಂಗಿಯ ಗೆಳೆಯರು 1931ರಲ್ಲಿ ಆ ಪದಗಳನ್ನು ಅಚ್ಚಿಗೆ ತಂದು ದೊಡ್ಡ ಉಪಕಾರ ಮಾಡಿದರು, ನಿಜ. ಪುಸ್ತಕದ ಹೆಸರು ‘ಗರತಿಯ ಹಾಡು’. ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು. ಹಾಡಿದಾಕೆಗೆ ಸಿಕ್ಕಿದ್ದು ಹೆಸರಲ್ಲ, ನಡತೆಯ ಸರ್ಟಿಫಿಕೇಟು.

ಬಾನು ಅವರ ಸಿಟ್ಟು ಹುಟ್ಟಿದ್ದೂ ಯಾವುದೋ ಪಾಶ್ಚಾತ್ಯ ಅಲೆಯಿಂದಲ್ಲ. 1979ರಲ್ಲಿ ಸಂಘಟನೆಯ ರೂಪ ಪಡೆದ ಬಂಡಾಯ ಸಾಹಿತ್ಯ, ದಲಿತ ಚಳವಳಿ, ರೈತ ಹೋರಾಟ, ವರದಿಗಾರ್ತಿಯಾಗಿ ದುಡಿದ ಲಂಕೇಶ್ ಪತ್ರಿಕೆ ಅವರ ಪಾಠಶಾಲೆ. ಆ ರೈತ ಹೋರಾಟಕ್ಕೆ ಕಿಡಿ ಹೊತ್ತಿದ್ದು ಇದೇ ಸೀಮೆಯಲ್ಲಿ, ಮಲಪ್ರಭಾ ಕಾಲುವೆಯ ಕರದ ವಿರುದ್ಧ, 1980ರ ಜುಲೈ 21ರಂದು ನವಲಗುಂದ ನರಗುಂದದಲ್ಲಿ. ಅತ್ತೆಯ ಊರು ಯಮನೂರೂ ಇದೇ ಸೀಮೆಯದು; ಒಂದೇ ಸಂತನನ್ನು ಚಾಂಗದೇವನೆಂದೂ ರಾಜಾಬಾಗ್ ಸವಾರನೆಂದೂ ಕರೆಯುವ, ಬೆಣ್ಣೆಹಳ್ಳದ ನೀರಿಗೆ ದೀಪ ಉರಿಯುತ್ತದೆಂದು ನಂಬುವ ಊರು. 2016ರ ಜುಲೈ ಕೊನೆಗೆ, ಮಹದಾಯಿ ನದಿನೀರಿನ ನ್ಯಾಯಮಂಡಳಿ ರಾಜ್ಯದ ಮಧ್ಯಂತರ ಅರ್ಜಿ ತಳ್ಳಿಹಾಕಿದ ಬೆನ್ನಿಗೆ, ಪೊಲೀಸರ ಲಾಠಿ ಇಲ್ಲಿನ ಮನೆಗಳೊಳಗೇ ಬಂತು. ಹೆಂಗಸರು, ವಯಸ್ಸಾದವರು ಎನ್ನದೆ ಬಿತ್ತು. ನೀರಿನ ಸಲುವಾಗಿ ಏಟು ತಿಂದ ಹೆಂಗಸನ್ನು ‘ಸಂತ್ರಸ್ತೆ’ಯ ಯಾವ ಮುದ್ದೆಗೆ ಸೇರಿಸೋಣ?

ಇಷ್ಟೆಲ್ಲ ಹೇಳಿ ಪಡುವಣದವರಿಗೆ ಬೆರಳು ತೋರಿಸಿ ಎದ್ದು ಹೋಗುವುದು ಸುಲಭ. ‘ಮುಸ್ಲಿಂ ಸಂವೇದನೆ’ ಎಂಬ ಗೂಡನ್ನು ಕಟ್ಟಿ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇಬ್ಬರನ್ನೂ ಅದರಲ್ಲಿ ಕೂರಿಸಿದ್ದು ಕನ್ನಡದ ವಿಮರ್ಶೆಯೇ. ಬೂಕರ್ ಓದಿಗೆ ಆ ಗೂಡು ತಯಾರಾಗಿಯೇ ಸಿಕ್ಕಿತು. 1955ರಿಂದ ಕೊಡುತ್ತಿರುವ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡದ ಲೇಖಕಿಯೊಬ್ಬರಿಗೆ ಮೊದಲು ಬಂದದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ. 2024ರ ಮಂಡ್ಯದವರೆಗಿನ 87 ಕನ್ನಡ ಸಾಹಿತ್ಯ ಸಮ್ಮೇಳನಗಳಲ್ಲಿ ಹೆಂಗಸರು ಅಧ್ಯಕ್ಷರಾದದ್ದು ನಾಲ್ಕೇ ಸಲ. ಕನ್ನಡದ ಎಂಟು ಜ್ಞಾನಪೀಠಗಳಲ್ಲಿ ಹೆಂಗಸರಿಗೆ ಬಂದದ್ದು ಒಂದೂ ಇಲ್ಲ. ಇದೂ ಒಂದು ಬಗೆಯ ಹಕ್ಕು ಬಿಡುಗಡೆ ಪತ್ರ, ಸಹಿಯನ್ನೂ ಕೇಳದೆ ಬರೆಸಿಕೊಂಡದ್ದು.

ಕಥೆಗಾರ್ತಿಯ ಮೇಲೂ ನನಗೊಂದು ಅಸಮಾಧಾನವಿದೆ. ‘ಎದೆಯ ಹಣತೆ’ ಕೊನೆಗೆ ತಾಯಿ ಮಕ್ಕಳ ಅಪ್ಪುಗೆಯಲ್ಲಿ ನಿಲ್ಲುತ್ತದೆ. ಮನಸ್ಸು ಕರಗುತ್ತದೆ, ಅಣ್ಣತಮ್ಮಂದಿರು ಅಷ್ಟರಲ್ಲಿ ಮನೆ ಸೇರಿ ಮಲಗಿದ್ದಾರೆ. ಆ ಕಣ್ಣೀರನ್ನು ಯಾವ ದೇಶಕ್ಕಾದರೂ ಸಾಗಿಸಬಹುದು. ನನಗೆ ಹೆಚ್ಚು ಗಟ್ಟಿ ಎನಿಸುವುದು ‘ಕರಿನಾಗರಗಳು’, ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಮೂಲವಾದ ಕಥೆ. ಅದರ ನಾಯಕಿ ಅಶ್ರಫ್ ಬೇಡಲು ಬರುವುದಿಲ್ಲ, ಜೀವನಾಂಶ ಕೇಳಲು ಬರುತ್ತಾಳೆ. ನ್ಯಾಯ ಮಾಡದ ಮುತವಲ್ಲಿಯನ್ನು, ಅಂದರೆ ಮಸೀದಿಯ ಮೇಲ್ವಿಚಾರಕನನ್ನು, ಕೊನೆಗೆ ಓಣಿಯ ಹೆಂಗಸರು ಬಾಯಿಗೆ ಬಂದಂತೆ ಬೈಯುತ್ತಾರೆ. ದೀಪಾ ಭಾಸ್ತಿಯವರ ಇಂಗ್ಲಿಷ್ ಹೆಚ್ಚು ಕಸುವಿನಿಂದ ಕಾಣುವುದೂ ಇಲ್ಲೇ. ನಮ್ಮ ಮಾತುಗಳನ್ನು ಓರೆ ಅಕ್ಷರಕ್ಕೆ ಹಾಕದೆ, ಅಡಿಟಿಪ್ಪಣಿಗೆ ತಳ್ಳದೆ, ಓದುವವನೇ ನಾಲಿಗೆ ಹೊರಳಿಸಿಕೊಳ್ಳಲಿ ಎಂದು ಅವರು ಬಿಟ್ಟಿದ್ದಾರೆ.

ಮರುದಿನ ಅದೇ ಪಡಸಾಲೆಯಲ್ಲಿ ಅದನ್ನೂ ಓದಿದೆ. ಬೈಗುಳದ ಜಾಗ ಬಂದಾಗ ಅತ್ತೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. ‘ಇಷ್ಟಕ್ಕ ಬಿಟ್ರ ಹೆಂಗ?’ ಎಂದು ತಮ್ಮ ಕಡೆಯಿಂದ ಎರಡು ಸೇರಿಸಿದರು. ಹಿರಿಯಾಕೆ ಮೂರನೆಯದನ್ನು ಹೇಳಿದರು. ಆ ಮೂರನ್ನೂ ಅಚ್ಚು ಹಾಕುವಂತಿಲ್ಲ; ಮೂರನೆಯದಂತೂ ದೀಪಾ ಭಾಸ್ತಿಯವರ ಕೈಗೂ ಸಿಗಲಿಕ್ಕಿಲ್ಲ.