ಧಾರೇಶ್ವರರ ಪದ: ಸುರುಳಿಯಲ್ಲಿ ಉಳಿದದ್ದೆಷ್ಟು?

ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು 2024ರ ಏಪ್ರಿಲಿನಲ್ಲಿ ತೀರಿಕೊಂಡ ಬಳಿಕ ಅವರ ಧ್ವನಿಮುದ್ರಿಕೆಗಳಿಗೆ ಹೊಸದಾಗಿ ಬೆಲೆ ಬಂದಿದೆ. ಬೈಂದೂರು, ವಂಡ್ಸೆ, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ಕ್ಯಾಸೆಟ್ಟಿನ ಕಾಲದಿಂದ ಇದ್ದ ಆ ಕಂಠ ಈಗ ಮೊಬೈಲಿನಲ್ಲಿ ತಿರುಗುತ್ತಿದೆ. ಸಂತೋಷವೇ ಸರಿ. ಆದರೆ ಅವನ್ನಷ್ಟೇ ಕೇಳಿ ‘ಇಂಪಾದ ಭಾಗವತ’ ಎಂದು ಮಾತು ಮುಗಿಸಿದರೆ ಆ ಕಲಾವಿದನಿಗೆ ನ್ಯಾಯ ಸಲ್ಲಲಾರದು.

ಗೋಕರ್ಣದ ಕಡೆಯವರಾದ ಧಾರೇಶ್ವರರು ಮೇಳ ಸೇರಿದ್ದು ಪದ ಹೇಳುವುದಕ್ಕಲ್ಲ, ಅಮೃತೇಶ್ವರಿ ಮೇಳದ ವಿದ್ಯುದ್ದೀಪ ನೋಡಿಕೊಳ್ಳುವುದಕ್ಕೆ. ಕೈಗೆ ತಾಳ ಕೊಟ್ಟವರು ನಾರಣಪ್ಪ ಉಪ್ಪೂರರು. ಈ ಸಂಗತಿಯನ್ನು ಬರಿಯ ಸ್ವಾರಸ್ಯದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಗ್ಯಾಸ್‌ಲೈಟಿನ ಕಾಲದ ಭಾಗವತ ಗದ್ದೆಯ ಕೊನೆಯ ಸಾಲಿಗೂ ಮುಟ್ಟುವಂತೆ ಏರುಶ್ರುತಿಯಲ್ಲಿ ಕೂಗಲೇಬೇಕಿತ್ತು. ಮೈಕು ಆ ಹೊರೆಯನ್ನು ಇಳಿಸಿತು. ಇಳಿದ ಹೊರೆಯಿಂದ ಏನು ಮಾಡಬಹುದೆಂದು ಬಲ್ಲವರು ಕೆಲವರೇ. ಧಾರೇಶ್ವರರು ಕರುಣದ ಪದವನ್ನು ಪಿಸುಮಾತಿನ ಅಂಚಿಗೆ ಇಳಿಸಿ, ಚಂಡೆ ಎದ್ದೊಡನೆ ಮತ್ತೆ ಮೇಲಕ್ಕೆ ತರುತ್ತಿದ್ದರು. ಬೆಳಕು ಎಲ್ಲಿ ಬೀಳಬೇಕು, ವೇಷ ಯಾವಾಗ ನಿಲ್ಲಬೇಕು ಎಂಬುದೂ ಅವರ ಲೆಕ್ಕದಲ್ಲಿಯೇ ಇರುತ್ತಿತ್ತು. ಪೆರ್ಡೂರು ಮೇಳದ ಆಟಕ್ಕೆ ಜನ ಸೇರಿದ್ದು ಕಂಠವೊಂದಕ್ಕೇ ಅಲ್ಲ.

ಕ್ಯಾಸೆಟ್ಟು ಇದನ್ನೆಲ್ಲ ಕತ್ತರಿಸಿತು. ಒಂದು ಮಗ್ಗುಲಿಗೆ ಅರ್ಧ ಗಂಟೆ. ಇಡೀ ರಾತ್ರಿಯ ಪ್ರಸಂಗ ಅಲ್ಲಿ ಹಿಡಿಯುವುದೆಂತು? ರಂಗದಲ್ಲಿ ಪದದ ಒಂದೇ ಸಾಲನ್ನು ಭಾಗವತ ಮತ್ತೆ ಮತ್ತೆ ಎತ್ತುವುದು ವೇಷಧಾರಿಯ ಹೆಜ್ಜೆ ಮುಗಿಯಲಿ ಎಂದು. ಹೆಜ್ಜೆಯಿಲ್ಲದ ಮುದ್ರಣ ಕೊಠಡಿಯಲ್ಲಿ ಆ ಸಾಲು ವ್ಯರ್ಥವೆನಿಸುತ್ತದೆ. ಅದರ ಜಾಗಕ್ಕೆ ರಾಗದ ಕೊಸರು ಬರುತ್ತದೆ. ಎಲ್ಲ ಪದಗಳೂ ಒಂದೇ ಸಿಹಿಯವು. ವೀರರಸದಲ್ಲಿಯೂ ಸಕ್ಕರೆ! ಭಾವಗೀತೆಯ ನೆರಳು ಬಿದ್ದ ಇಂಥ ಪದಗಳನ್ನು ನಾವು ಮೆಚ್ಚಲಾರೆವು.

ಹೊಸತು ತಂದದ್ದೇ ತಪ್ಪೆಂದು ನಮ್ಮ ವಾದವಲ್ಲ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳನ್ನೇ ತಂದವರು. ಉಪ್ಪೂರರ ಇನ್ನೊಬ್ಬ ಶಿಷ್ಯ, ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು (1958–1990), ಹಿಂದುಸ್ತಾನಿ ರಾಗಗಳನ್ನು ಧಾರಾಳವಾಗಿ ಬಳಸಿದರು. ಆದರೆ ಅವರ ಪದದಲ್ಲಿ ಅವಸರವೊಂದು ಇರುತ್ತಿತ್ತು, ಮದ್ದಳೆಗಾರನನ್ನು ಕೆಣಕುವ ಅವಸರ. ಮೂವತ್ತೆರಡು ತುಂಬುವ ಮೊದಲೇ ಅಪಘಾತದಲ್ಲಿ ಹೋದ ನಾವಡರನ್ನು ಇಂದಿನ ಹುಡುಗರು ಕ್ಯಾಸೆಟ್ಟಿನಿಂದಲೇ ಕಲಿತರು. ಕಲಿತದ್ದು ಗಮಕವನ್ನು, ಆಟ ನಡೆಸುವುದನ್ನಲ್ಲ. ಧಾರೇಶ್ವರರಿಗೂ ಅದೇ ಗತಿ ಬಂದೀತೆಂಬುದು ನಮ್ಮ ಅಂಜಿಕೆ.

ಹಾಗಾದರೆ ಕೇಳಬೇಕಾದದ್ದು ಯಾವುದು? ಗದ್ದೆಯ ಬದಿಯಲ್ಲಿ ಅಭಿಮಾನಿಗಳು ಮುದ್ರಿಸಿಕೊಂಡ ಸುರುಳಿಗಳು. ಜನರೇಟರಿನ ಗುರುಗುರು, ಮಗುವಿನ ಅಳು, ಕಡಲೆ ಮಾರುವವನ ಕೂಗು ಎಲ್ಲ ಇದೆ. ಕೆಲವೆಡೆ ಚಂಡೆ ಪದವನ್ನೇ ನುಂಗಿದೆ. ಆದರೂ ಝಂಪೆಯಿಂದ ಏಕಕ್ಕೆ ಹೊರಳುವ ಆ ಒಂದು ಕ್ಷಣದಲ್ಲಿ ಧಾರೇಶ್ವರರು ತಾಳದಿಂದಲೇ ಹಿಮ್ಮೇಳ ಮುಮ್ಮೇಳಗಳೆರಡನ್ನೂ ಎಳೆದುಕೊಂಡು ಹೋಗುವುದು ಸ್ಪಷ್ಟವಾಗಿ ಕೇಳುತ್ತದೆ. ಕೊಠಡಿಯ ಯಾವ ಮುದ್ರಿಕೆಯಲ್ಲಿಯೂ ಅದು ಸಿಗದು.

ನಮ್ಮ ಕರಾವಳಿಯ ಮಳೆಗಾಲಕ್ಕೆ ಸುರುಳಿ ಬೂಸ್ಟು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಇಂಥವು ಇದ್ದವರು ಈ ಬೇಸಗೆಯಲ್ಲಿಯೇ ಪ್ರತಿ ಮಾಡಿಸುವುದು ಒಳಿತು. ಯಾವ ಊರಿನ ಆಟ, ಯಾವ ಪ್ರಸಂಗ, ಮದ್ದಳೆ ಚಂಡೆ ಯಾರದು, ವೇಷ ಯಾರದು ಎಂದು ಒಂದು ಚೀಟಿಯನ್ನೂ ಬರೆದಿಡಲಿ.