ಊರ ನಾಟಕದ ಪಾತ್ರಧಾರಿಗಳು

ನಮ್ಮ ಸೀಮೆಯ ಹಳ್ಳಿಗಳಲ್ಲಿ ನಡೆಯುವ ನಾಟಕಗಳನ್ನು ಕುರಿತು ಬರೆಯುವವರಲ್ಲಿ ಒಂದು ರೂಢಿ ಬೇರೂರಿದೆ. ಭೀಮನ ಪಾತ್ರವನ್ನು ವಹಿಸಿದವರು ಕಮ್ಮಾರಿಕೆಯವರೆಂದೂ, ಕೃಷ್ಣನಾಗಿ ಬಂದವರು ಶಾಲೆಯ ಉಪಾಧ್ಯಾಯರೆಂದೂ, ವಿದುರನು ಹಗಲೆಲ್ಲ ಅಡಕೆಯ ತೋಟದಲ್ಲಿ ದುಡಿದು ರಾತ್ರಿ ಬಣ್ಣ ಹಚ್ಚಿದನೆಂದೂ ವಿವರಿಸಿ, 'ಇಂತಹ ಭಿನ್ನಭಿನ್ನ ವೃತ್ತಿಯವರು ಒಂದುಗೂಡಿ ಆಡಿದುದು ಶ್ಲಾಘನೀಯ' ಎಂದು ಮುಗಿಸಿಬಿಡುವುದೇ ಆ ರೂಢಿ. ಬರೆದವರ ಸೌಜನ್ಯದಲ್ಲಿ ಸಂದೇಹವಿಲ್ಲ. ಆದರೆ ಇದು ವಿಮರ್ಶೆಯಲ್ಲ, ಹಾಜರಿಪಟ್ಟಿ. ಕಮ್ಮಾರನ ಭೀಮನು ಹೇಗಿದ್ದನು, ಗದೆಯನ್ನು ಹೇಗೆ ಹಿಡಿದನು, ದ್ರೌಪದಿಯ ಮುಂದೆ ಅವನ ದನಿ ಏನಾಯಿತು ಎಂಬುದನ್ನು ಹೇಳುವ ಹೊಣೆಯಿಂದ ಬರೆಯುವವನು ಇದರಿಂದ ಜಾರಿಕೊಳ್ಳುತ್ತಾನೆ.

ಷೇಕ್ಸ್‌ಪಿಯರ್ ಮಹಾಕವಿಯು 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ಎಂಬ ತನ್ನ ನಾಟಕದಲ್ಲಿ ಈ ಸಂಗತಿಯನ್ನು ಬಹು ಸೊಗಸಾಗಿ ಹಾಸ್ಯಮಾಡಿದ್ದಾನೆ. ಅಥೆನ್ಸಿನ ದೊರೆಯ ಮದುವೆಗಾಗಿ ಒಬ್ಬ ನೇಕಾರ, ಬಡಗಿಗಳಿಬ್ಬರು, ತಿದಿ ರಿಪೇರಿಯವನು, ಕಲಾಯಿಯವನು, ದರ್ಜಿ ಸೇರಿ ನಾಟಕ ಕಟ್ಟುತ್ತಾರೆ. ಸಿಂಹದ ವೇಷದವನನ್ನು ಕಂಡು ರಾಣೀವಾಸದವರು ಬೆದರಿಯಾರೆಂದು ಹೆದರಿ, ಅವನು ರಂಗದ ಮೇಲೆಯೇ ತನ್ನ ಹೆಸರು ಹೇಳಿ, ತಾನು ಸಿಂಹವಲ್ಲ, ಬಡಗಿಯೆಂದು ತಿಳಿಸಬೇಕೆಂದು ಗೊತ್ತುಮಾಡುತ್ತಾರೆ. ಅವನು ಹಾಗೆಯೇ ತಿಳಿಸುತ್ತಾನೆ. ನಮ್ಮ ಪತ್ರಿಕಾ ವರದಿಗಳು ಮಾಡುವುದೂ ಅದನ್ನೇ ಅಲ್ಲವೆ? 'ಹೆದರಬೇಡಿ, ಈ ದುರ್ಯೋಧನನು ನಮ್ಮ ಕಿರಾಣಿ ಅಂಗಡಿಯವನು.'

ಹಾಗೆಂದು ಪಾತ್ರಧಾರಿಯ ಹಿನ್ನೆಲೆಯು ವಿಮರ್ಶಕನಿಗೆ ಬೇಡದ ಸಂಗತಿಯೆಂದು ನನ್ನ ಅಭಿಪ್ರಾಯವಲ್ಲ. ಅದು ರಸಕ್ಕೆ ಸೇರಿದ ಸಂಗತಿಯೇ ಹೊರತು ಸನ್ಮಾನಕ್ಕೆ ಸೇರಿದುದಲ್ಲ ಎಂಬುದಿಷ್ಟೇ ನನ್ನ ವಾದ. ಭರತಮುನಿಯು ಪಾತ್ರ ಹಂಚುವ ವಿಷಯದಲ್ಲಿ ಮೂರು ಬಗೆಯನ್ನು ಹೇಳುತ್ತಾನೆ. ನಟನ ವಯಸ್ಸು, ಲಿಂಗ, ಆಕೃತಿಗಳು ಪಾತ್ರಕ್ಕೆ ಒಪ್ಪಿದರೆ ಅನುರೂಪ. ಬಾಲಕನು ಮುದುಕನಾಗಿಯೂ ಮುದುಕನು ಬಾಲಕನಾಗಿಯೂ ಬಂದರೆ ವಿರೂಪ. ಗಂಡಸು ಹೆಂಗಸಾಗಿಯೋ ಹೆಂಗಸು ಗಂಡಸಾಗಿಯೋ ಆಡಿದರೆ ರೂಪಾನುರೂಪ. ಈ ಮೂರರಲ್ಲಿ ಎಲ್ಲಿಯೂ ನಟನ ಕಸುಬಿನ ಪ್ರಸ್ತಾಪವಿಲ್ಲ. ಆದರೆ ಅದೇ ಗ್ರಂಥದ ಕೊನೆಯಲ್ಲಿ, ಮುನಿಗಳನ್ನು ಅಣಕಿಸಿ ಆಡಿದುದಕ್ಕಾಗಿ ಭರತಪುತ್ರರು ಶಾಪಕ್ಕೊಳಗಾಗಿ ಶೂದ್ರರಾದರೆಂಬ ಕಥೆಯಿದೆ. ನಟನು ಯಾರ ಮಗನೆಂಬ ಪ್ರಶ್ನೆ ನಾಟ್ಯದಷ್ಟೇ ಹಳೆಯದೆಂದು ಇದರಿಂದ ತಿಳಿಯುತ್ತದೆ. ಶಾಸ್ತ್ರಕಾರನು ಆ ಪ್ರಶ್ನೆಯನ್ನು ಪಾತ್ರ ಹಂಚುವ ಕಡೆ ಎತ್ತದೆ ಕಥೆಯಾಗಿ ತುದಿಯಲ್ಲಿಟ್ಟುದು ನನಗಂತೂ ಅರ್ಥವತ್ತಾಗಿ ಕಾಣುತ್ತದೆ.

ನಮ್ಮ ಹಳ್ಳಿಗಳ ಕಡೆಗೆ ತಿರುಗೋಣ. ಹಳೆಯ ಮೈಸೂರಿನ ಸೀಮೆಯಲ್ಲಿ 'ಕುರುಕ್ಷೇತ್ರ'ವನ್ನು ಆಡದ ಊರು ವಿರಳ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟರೊಬ್ಬರು ಬಂದು ಊರಿನಲ್ಲಿ ಬಿಡಾರ ಮಾಡುತ್ತಾರೆ. ಓದು ಬಲ್ಲವರೂ ಬಾರದವರೂ ತಿಂಗಳುಗಟ್ಟಲೆ ಕುಳಿತು ಕಂದ, ಸೀಸಗಳನ್ನು ಬಾಯಿಪಾಠ ಮಾಡುತ್ತಾರೆ. ಈ ಶ್ರದ್ಧೆಯನ್ನು ಕಂಡವರು ಹಗುರವಾಗಿ ಮಾತನಾಡಲಾರರು. ಆದರೆ ಪಾತ್ರ ಹಂಚುವ ರೀತಿಯನ್ನು ಗಮನಿಸಬೇಕು. ಅನೇಕ ಕಡೆ ಪಾತ್ರಕ್ಕೆ ಇಂತಿಷ್ಟೆಂದು ಹಣ ಗೊತ್ತಾಗಿರುತ್ತದೆ. ಕೃಷ್ಣ, ದುರ್ಯೋಧನ, ಕರ್ಣರಂಥ ದೊಡ್ಡ ಪಾತ್ರಗಳಿಗೆ ಹೆಚ್ಚು ಕೊಟ್ಟವರು ಅವುಗಳನ್ನು ಪಡೆಯುತ್ತಾರೆ. ಕೈಯಲ್ಲಿ ಕಾಸಿಲ್ಲದವನು ಕಂಠವಿದ್ದರೂ ದೂತನಾಗಿಯೇ ಉಳಿಯುತ್ತಾನೆ. ಸ್ತ್ರೀಪಾತ್ರಗಳಿಗೆ ಊರ ಹೆಂಗಸರು ಬರುವುದಿಲ್ಲ. ಹೊರಗಿನಿಂದ ಕಸುಬಿನ ಕಲಾವಿದೆಯರನ್ನು ಗೊತ್ತುಮಾಡಿ ಕರೆತರುತ್ತಾರೆ. ಆಕೆ ನಾಟಕದ ದಿನ ಬಂದು, ತನಗೆ ಕಂಠಗತವಾದ ದ್ರೌಪದಿಯನ್ನು ಆಡಿ, ಬೆಳಗಿನ ಬಸ್ಸಿಗೆ ಹೊರಟುಹೋಗುತ್ತಾಳೆ. ಆ ರಾತ್ರಿ ಇಡೀ ರಂಗದ ಮೇಲೆ ನಟನೆಯನ್ನು ನಿಜವಾಗಿ ಬಲ್ಲವಳು ಎಷ್ಟೋ ವೇಳೆ ಆಕೆಯೊಬ್ಬಳೇ. ಪತ್ರಿಕೆಯ ವರದಿಯಲ್ಲಿ ಹೆಸರಿಲ್ಲದವಳೂ ಆಕೆಯೇ.

ಆದಕಾರಣ 'ಸರ್ವವೃತ್ತಿಯವರೂ ಕೂಡಿ ಆಡಿದರು' ಎಂಬ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಊರಿನ ವೈವಿಧ್ಯ ರಂಗಕ್ಕೆ ಬರುವ ಮೊದಲು ಜರಡಿಯಲ್ಲಿ ಸೋಸಿಹೋಗಿರುತ್ತದೆ. ಉಳಿದು ಬಂದುದೂ ಮೇಷ್ಟರ ಕೈಯಲ್ಲಿ ಒಂದೇ ಹದಕ್ಕೆ ಇಳಿಯುತ್ತದೆ. ಕುರುಬರ ಹುಡುಗನ ಮಾತಿನ ಬನಿ ಬೇರೆ, ವ್ಯಾಪಾರಿಯ ಮಾತಿನ ಚುರುಕು ಬೇರೆ. ಇಬ್ಬರೂ ಕಿರೀಟ ಧರಿಸಿದೊಡನೆ ಒಂದೇ ದಪ್ಪ ಕಂಠದ, ಒಂದೇ ಏರಿಳಿತದ, ಯಾರ ಮನೆಯಲ್ಲೂ ಆಡದ ಕನ್ನಡವನ್ನು ಆಡುತ್ತಾರೆ. ಪೌರಾಣಿಕ ನಾಟಕಕ್ಕೆ ಪ್ರೌಢಭಾಷೆ ತಕ್ಕುದೇ. ಆದರೆ ಪ್ರೌಢತೆಯೆಂದರೆ ದನಿಗಳೆಲ್ಲ ಒಂದಾಗುವುದೆಂದು ಯಾರು ವಿಧಿಸಿದರೋ ತಿಳಿಯದು.

ವೃತ್ತಿ ಕಂಪನಿಗಳ ಕಾಲದಲ್ಲಿ ಪರಿಸ್ಥಿತಿ ಭಿನ್ನವಾಗಿತ್ತು. ಅಲ್ಲಿಯೂ ನಾನಾ ಮೂಲದವರಿದ್ದರು; ಆದರೆ ಒಂದೇ ಬಿಡಾರದಲ್ಲಿ ಉಂಡು ಮಲಗಿ, ವರ್ಷಾನುಗಟ್ಟಲೆ ಒಂದೇ ಕಸುಬಿನವರಾಗಿಬಿಡುತ್ತಿದ್ದರು. ರೈತರ ಮನೆಯಲ್ಲಿ 1914ರಲ್ಲಿ ಹುಟ್ಟಿ ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಿಂದ ಬಸವಣ್ಣನ ಪಾತ್ರದವರೆಗೆ ನಡೆದುಬಂದರು. ಮಹಮದ್ ಪೀರರು ಚಂದ್ರಕಲಾ ನಾಟಕ ಮಂಡಲಿಯ ಪ್ರಮುಖರಾಗಿ ಕನ್ನಡ ಪ್ರೇಕ್ಷಕರ ಮನ್ನಣೆಗೆ ಪಾತ್ರರಾದರು. ಅವರ ಮಾತನ್ನು ಕೇಳಲು ಬಂದವರು ಅವರ ಮತವನ್ನು ಕೇಳಿದಂತೆ ಕಾಣದು. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀಯರದೇ ಒಂದು ನಾಟಕ ಮಂಡಲಿಯನ್ನು ಕಟ್ಟಿ, ಭೀಮ, ರಾವಣ, ಕಂಸರ ಪಾತ್ರಗಳನ್ನು ತಾವೇ ವಹಿಸಿದರು. ಭರತನ ರೂಪಾನುರೂಪಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ನಮ್ಮ ದಾವಣಗೆರೆಯ ಚಿಂದೋಡಿ ಮನೆತನದ ಹೆಸರನ್ನು ವಾಚಕರಿಗೆ ನಾನು ನೆನಪಿಸಬೇಕಾದುದಿಲ್ಲ.

ಹವ್ಯಾಸಿಗಳ ವಿಷಯ ಬೇರೆ. ಅವರು ಬೆಳಗಾದರೆ ತಮ್ಮ ಕಸುಬಿಗೆ ಹಿಂದಿರುಗುವವರು. ಈ ಕಸುಬನ್ನು ಅಡ್ಡಿಯೆಂದೆಣಿಸದೆ ಬಂಡವಾಳವೆಂದೆಣಿಸಿದ ಪ್ರಯತ್ನಗಳಲ್ಲಿ ಮೊದಲು ಹೇಳಬೇಕಾದುದು ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. 1949ರಲ್ಲಿ ಹುಟ್ಟಿದ ಈ ಸಂಘವನ್ನು ಬೆಳೆಯಿಸಿದ ಕೆ.ವಿ. ಸುಬ್ಬಣ್ಣನವರು ಸ್ವತಃ ಅಡಕೆಯ ಕೃಷಿಕರು. 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ 'ತಿರುಗಾಟ'ವನ್ನೂ ಆರಂಭಿಸಿದ ಮೇಲೆ, ನಾಡಿನ ಮೂಲೆಮೂಲೆಯ ಹುಡುಗ ಹುಡುಗಿಯರು ಅಲ್ಲಿಗೆ ಬಂದು ಕಲಿತು ಊರೂರು ತಿರುಗಿದರು.

ಈ ಸಂಘದ ಕೆಲಸಗಳಲ್ಲಿ ನಮ್ಮ ಪ್ರಶ್ನೆಗೆ ಅತ್ಯಂತ ಸಮೀಪವಾದುದು 1980ರ ದಶಕದ ಮೊದಲ ಭಾಗದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯ ಕಡೆಯ ಸಿದ್ದಿ ಜನರಿಂದ ಚಿದಂಬರರಾವ್ ಜಂಬೆಯವರು ಆಡಿಸಿದ ನಾಟಕ. ಸಿದ್ದಿಗಳ ಪೂರ್ವಿಕರು ಆಫ್ರಿಕಾ ಖಂಡದಿಂದ ಪೋರ್ಚುಗೀಸರ ಮತ್ತು ಅರಬರ ಹಡಗುಗಳಲ್ಲಿ ಗುಲಾಮರಾಗಿ ಬಂದವರು. ಉತ್ತರ ಕನ್ನಡದ ಕಾಡಿನಂಚಿನಲ್ಲಿ ತಲೆತಲಾಂತರದಿಂದ ನೆಲಸಿದವರು. ಅವರಿಗಾಗಿ ಆರಿಸಿದ್ದು ನೈಜೀರಿಯದ ಚಿನುವಾ ಅಚಿಬೆಯ 1958ರ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್'. ಇದನ್ನು ಕೇಳಿದವರಿಗೆ ಥಟ್ಟನೆ ತೋರುವುದು, 'ಆಫ್ರಿಕದ ಕಥೆ, ಆಫ್ರಿಕದ ಮೂಲದ ನಟರು, ಎಂಥ ಅನುರೂಪ!' ಎಂದು. ನನಗೆ ಈ ಮಾತು ಸಮಂಜಸವೆನಿಸುವುದಿಲ್ಲ. ಅಚಿಬೆಯ ಕಥೆ ನಡೆಯುವುದು ಪಶ್ಚಿಮ ಆಫ್ರಿಕದ ಇಗ್ಬೊ ಜನರಲ್ಲಿ; ಸಿದ್ದಿಗಳ ಪೂರ್ವಿಕರಲ್ಲಿ ಬಹುಮಂದಿ ಬಂದುದು ಆ ಖಂಡದ ಪೂರ್ವ ಕರಾವಳಿಯ ಕಡೆಯಿಂದ. ಇಗ್ಬೊ ಭಾಷೆ ಮಂಚೀಕೇರಿಯವರಿಗೆ ನಮಗೆಷ್ಟು ಪರಕೀಯವೋ ಅಷ್ಟೇ ಪರಕೀಯ. ಮೈಬಣ್ಣ ನೋಡಿ ಪಾತ್ರ ಕೊಡುವುದಾದರೆ ಅದು ಹಣ ನೋಡಿ ಕೊಡುವುದಕ್ಕಿಂತ ಮೇಲೇನಲ್ಲ.

ಹಾಗಾದರೆ ಆ ಆಯ್ಕೆಯಲ್ಲಿ ಯೋಗ್ಯತೆ ಎಲ್ಲಿದೆ? ಮುಖದಲ್ಲಿಲ್ಲ, ಬಾಳಿನಲ್ಲಿದೆ. ಕಾದಂಬರಿಯಲ್ಲಿ ಒಂದು ಊರು ತನ್ನ ನೆಲ, ತನ್ನ ದೈವ, ತನ್ನ ನ್ಯಾಯಸ್ಥಾನಗಳನ್ನು ಹೊರಗಿನವರ ಕೈಗೆ ಮೆಲ್ಲಮೆಲ್ಲನೆ ಕಳೆದುಕೊಳ್ಳುತ್ತದೆ. ಮುಖ್ಯಪಾತ್ರವಾದ ಒಕೊಂಕ್ವೊ ಅದನ್ನು ಸಹಿಸಲಾರದೆ ನಾಶವಾಗುತ್ತಾನೆ. ಕಾಡಿನಂಚಿನಲ್ಲಿ ಪರರ ನೆಲದಲ್ಲಿ ದುಡಿದು, ತಮ್ಮದೆಂಬ ಭೂಮಿಗಾಗಿ ಕಾದವರಿಗೆ ಈ ಕಥೆಯನ್ನು ಅರ್ಥಮಾಡಿಸಬೇಕಾದುದಿಲ್ಲ. ಅಲ್ಲದೆ ಅವರಿಗೆ ದಮಾಮಿಯ ಬಡಿತವಿದೆ, ಅದರೊಡನೆ ಕುಣಿಯುವ ಕಾಲಿದೆ. ಇವು ರಂಗಕ್ಕೆ ಹೊರಗಿನಿಂದ ತಂದ ಅಲಂಕಾರಗಳಲ್ಲ, ನಟರೊಡನೆಯೇ ನಡೆದುಬಂದವು. ನಟನ ಹಿನ್ನೆಲೆ ರಸವಾಗುವುದು ಹೀಗೆ. ಮುಂದೆ ಅದೇ ಸಮುದಾಯದ ಹಲವರು ಹೆಗ್ಗೋಡಿನಲ್ಲಿ ಕ್ರಮವಾಗಿ ಕಲಿತು ನಟರಾದರು. ಪ್ರಶಾಂತ ಸಿದ್ದಿಯವರನ್ನು ಕನ್ನಡ ಚಲನಚಿತ್ರಗಳಲ್ಲಿ ನೋಡಿದವರು ಬಹಳ ಮಂದಿ ಇದ್ದಾರೆ. ಅವರಿಗೆ ಸಿದ್ದಿಯ ಪಾತ್ರವಲ್ಲದ ಪಾತ್ರವನ್ನೂ ಸಹಜವಾಗಿ ಕೊಡುವ ದಿನವೇ ನಮ್ಮ ನಿರ್ದೇಶಕರ ಪರೀಕ್ಷೆಯ ದಿನ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಸಂಗವಿದೆ. ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹದ ಬಂದಿಗಳಿಂದ ನಾಟಕಗಳನ್ನು ಆಡಿಸಿದರು. ಅವುಗಳಲ್ಲಿ 'ಮ್ಯಾಕ್‌ಬೆತ್' ನಾಟಕವನ್ನು ಆಧರಿಸಿ ಎಚ್.ಎಸ್. ಶಿವಪ್ರಕಾಶರು ಬರೆದ 'ಮಾರನಾಯಕನ ದೃಷ್ಟಾಂತ'ವೂ ಒಂದು. ಕೊಲೆಯ ನಾಟಕವನ್ನು ಶಿಕ್ಷೆ ಅನುಭವಿಸುತ್ತಿರುವವರು ಆಡುವಾಗ ಪ್ರೇಕ್ಷಕನ ಕಣ್ಣು ಎಲ್ಲಿಗೆ ಹೋಗುತ್ತದೆ? ಪಾತ್ರವನ್ನು ಬಿಟ್ಟು ಪಾತ್ರಧಾರಿಯ ಕೈಗಳ ಮೇಲೆ. ಇದು ತಪ್ಪು, ಆದರೆ ತಪ್ಪಿಸಿಕೊಳ್ಳಲಾಗದ ತಪ್ಪು. ನಟನು ಆಡುತ್ತಿರುವುದು ತಪ್ಪೊಪ್ಪಿಗೆಯಲ್ಲ, ಕವಿಯ ಮಾತು. ಆ ಮಾತಿನ ಮರೆಯೇ ಅವನಿಗೆ ಆ ಒಂದು ಸಂಜೆಯ ಬಿಡುಗಡೆ. ನಾವು ಅವನ ಅಪರಾಧವನ್ನು ಹುಡುಕುತ್ತ ಕುಳಿತರೆ ಅವನನ್ನು ಎರಡನೆಯ ಸಾರಿ ಸೆರೆಗೆ ಹಾಕಿದಂತಾಗುತ್ತದೆ. ಇಲ್ಲಿ ನಟನ ಹಿನ್ನೆಲೆಯನ್ನು ಮರೆಯುವುದೇ ಪ್ರೇಕ್ಷಕನ ಧರ್ಮ. ಸಿದ್ದಿಗಳ ವಿಷಯದಲ್ಲಿ ನೆನೆಯಬೇಕೆಂದು ಹೇಳಿ ಬಂದಿಗಳ ವಿಷಯದಲ್ಲಿ ಮರೆಯಬೇಕೆನ್ನುವುದು ವಿರೋಧವಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಇರಬಹುದು. ಎರಡು ಕಡೆಯಲ್ಲೂ ನಾಟಕಕ್ಕೆ ಒದಗುವುದನ್ನು ಇಟ್ಟುಕೊಂಡು ಒದಗದುದನ್ನು ಬಿಟ್ಟಿದ್ದೇನೆಂಬುದಷ್ಟೇ ನನ್ನ ಸಮಾಧಾನ.

ದೂರದ ಒಂದು ಊರಿನ ವೃತ್ತಾಂತವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜರ್ಮನಿಯ ಬವೇರಿಯಾ ಪ್ರಾಂತದ ಓಬರಾಮರ್ಗಾವು ಎಂಬ ಗ್ರಾಮದವರು 1633ರ ಪಿಡುಗಿನಲ್ಲಿ ಹರಕೆ ಹೊತ್ತು 1634ರಲ್ಲಿ ಕ್ರಿಸ್ತನ ಯಾತನೆಯ ನಾಟಕವನ್ನು ಮೊದಲು ಆಡಿದರು. ಸುಮಾರು ಹತ್ತು ವರ್ಷಕ್ಕೊಮ್ಮೆ ಇಂದಿಗೂ ಆಡುತ್ತಾರೆ. ಅಲ್ಲಿಯೇ ಹುಟ್ಟಿದವರು, ಇಲ್ಲವೆ ಇಪ್ಪತ್ತು ವರ್ಷ ನೆಲಸಿದವರು ಮಾತ್ರ ಪಾತ್ರ ವಹಿಸಬೇಕೆಂಬುದು ನಿಯಮ. ಹೋಟೆಲಿನವರು, ಮರಗೆತ್ತನೆಯವರು, ಶಾಲೆಯ ಮಕ್ಕಳು ಎಲ್ಲರೂ ಸೇರುತ್ತಾರೆ. ಆದರೆ ಮದುವೆಯಾದ ಹೆಂಗಸರಿಗೂ ಮೂವತ್ತೈದು ದಾಟಿದ ಹೆಂಗಸರಿಗೂ 1990ರವರೆಗೆ ಪ್ರವೇಶವಿರಲಿಲ್ಲ; ನ್ಯಾಯಾಲಯದ ತೀರ್ಪಿನಿಂದ ಅದು ದೊರೆಯಿತು. 2020ಕ್ಕೆ ಗೊತ್ತಾಗಿದ್ದು ಸಾಂಕ್ರಾಮಿಕದಿಂದ 2022ಕ್ಕೆ ಮುಂದೆ ಹೋದ ಪ್ರಯೋಗದಲ್ಲಿ, ಯೂದನ ಪಾತ್ರವನ್ನು ವಹಿಸಿದವರಲ್ಲಿ ಒಬ್ಬನು ಆ ಊರಿನ ಮುಸಲ್ಮಾನ ತರುಣ. ಊರೆಂದರೆ ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಲು ಹರಕೆಯ ಊರಿಗೇ ಮುನ್ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಬೇಕಾಯಿತು.

ಇದನ್ನೆಲ್ಲ ಬರೆಯುವಾಗ ನನ್ನ ಮನಸ್ಸಿನಲ್ಲಿರುವುದು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ. 1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿ, ಅನಂತರ ದಾವಣಗೆರೆಗೆ ಸೇರಿದ ಸೀಮೆಯಿದು. ಬತ್ತದ ಗದ್ದೆಯವರೂ ಅಡಕೆಯ ತೋಟದವರೂ ಅಂಗಡಿಯವರೂ ಕೂಲಿಯವರೂ ಇರುವ, ಕನ್ನಡದೊಡನೆ ಉರ್ದುವೂ ಬೀದಿಯಲ್ಲಿ ಕೇಳಿಬರುವ ಊರು. ಸಮೀಪದಲ್ಲಿಯೇ ಸೂಳೆಕೆರೆಯೆಂದು ಜನ ಕರೆಯುವ ಶಾಂತಿಸಾಗರ. ಆ ಕೆರೆಗೆ ಒಂದು ಐತಿಹ್ಯವಿದೆ. ರಾಜಕುಮಾರಿ ಶಾಂತವ್ವೆ ಕೆರೆ ಕಟ್ಟಿಸಲು ಹೊರಟಾಗ ನೆಲವು ವೇಶ್ಯೆಯರ ವಶದಲ್ಲಿತ್ತಂತೆ. ಕೆರೆಗೆ ತಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆಂದು ಅವರು ಷರತ್ತು ಹಾಕಿದರಂತೆ. ಕಥೆ ನಿಜವೋ ಅಲ್ಲವೋ, ನಾಟಕಕ್ಕೆ ಬೇಕಾದುದೆಲ್ಲ ಅದರಲ್ಲಿದೆ: ಒಡತಿ, ನೀರು, ನೆಲ, ಮನೆ ಬಿಟ್ಟು ಹೆಸರು ಉಳಿಸಿಕೊಂಡವರು.

ಈ ಕಥೆಯನ್ನು ಅಲ್ಲಿಯವರು ಆಡುವುದಾದರೆ ಪಾತ್ರಗಳನ್ನು ಹೇಗೆ ಹಂಚುತ್ತಾರೆಂದು ತಿಳಿಯುವ ಆಸೆ ನನಗಿದೆ. ದೊರೆಯ ಪಾತ್ರಕ್ಕೆ ಹಣ ಕಟ್ಟುವವರು ಸಿಕ್ಕೇ ಸಿಗುತ್ತಾರೆ. ಕೆರೆಯ ಏರಿಗೆ ಮಣ್ಣು ಹೊತ್ತವರ ಮಾತನ್ನು, ಇಂದಿಗೂ ಆ ನೀರಿನ ಸುತ್ತ ಬದುಕುವವರು ತಮ್ಮ ಮನೆಯ ಕನ್ನಡದಲ್ಲಿಯೂ ತಮ್ಮ ಮನೆಯ ಉರ್ದುವಿನಲ್ಲಿಯೂ ಆಡಲು ಮೇಷ್ಟರು ಬಿಡುವರೆ? ಷರತ್ತು ಹಾಕಿದ ಆ ಹೆಂಗಸರ ಪಾತ್ರಗಳಿಗೆ ಊರಿನ ಮನೆಗಳಿಂದ ಯಾರಾದರೂ ಎದ್ದು ಬರುವರೆ, ಅಥವಾ ಅವರನ್ನೂ ಸಂಜೆಯ ಬಸ್ಸಿನಲ್ಲಿ ಹೊರಗಿನಿಂದಲೇ ಕರೆಸಬೇಕಾಗುವುದೆ?